ಅಡಿಬರಹ ಕಳಚಿಕೊಂಡ ನೆಪ್ಚೂನ್

2024ರ ಜನವರಿ ಮೊದಲ ವಾರ ನೆಪ್ಚೂನ್ ಗ್ರಹದ ಬಣ್ಣ ಬದಲಾಯಿತು. ಗ್ರಹದಲ್ಲಿ ಏನೂ ಆಗಿರಲಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಇರ್ವಿನ್ ಮತ್ತು ಸಂಗಡಿಗರು ಒಂದು ಸಂಶೋಧನಾ ಪ್ರಬಂಧ ಪ್ರಕಟಿಸಿ, ನಾವೆಲ್ಲ ಶಾಲೆಯ ಗೋಡೆಯ ಚಾರ್ಟಿನಲ್ಲಿ ನೋಡುತ್ತ ಬಂದ ಕಡುನೀಲಿ ನೆಪ್ಚೂನ್ ಕಣ್ಣಿಗೆ ಕಾಣುವ ನೆಪ್ಚೂನ್ ಅಲ್ಲ ಎಂದು ತೋರಿಸಿದರು. ಹಬಲ್ ದೂರದರ್ಶಕ ಮತ್ತು ಚಿಲಿಯಲ್ಲಿರುವ ದೊಡ್ಡ ದೂರದರ್ಶಕವೊಂದರ ಮಾಹಿತಿಯಿಂದ ಲೆಕ್ಕ ಹಾಕಿದರೆ ಯುರೇನಸ್ಸೂ ನೆಪ್ಚೂನೂ ಹೆಚ್ಚುಕಡಿಮೆ ಒಂದೇ ಬಣ್ಣದವು: ತೆಳು ಹಸಿರು ಬೆರೆತ ನೀಲಿ. ನೆಪ್ಚೂನಿನದು ಒಂದು ಕೂದಲೆಳೆಯಷ್ಟು ಹೆಚ್ಚು ನೀಲಿ, ಅಷ್ಟೆ.

ಸುದ್ದಿ ಬಂದ ದಿನ ನನ್ನ ಮೊಬೈಲಿಗೆ ಅದು ಎರಡು ರೂಪದಲ್ಲಿ ತಲುಪಿತು. ಒಂದು, ‘ವಿಜ್ಞಾನಿಗಳ ಅಚ್ಚರಿಯ ಶೋಧ’. ಇನ್ನೊಂದು, ‘ನಾಸಾ 35 ವರ್ಷ ಜಗತ್ತಿಗೆ ಸುಳ್ಳು ಹೇಳಿತು’. ಎರಡೂ ತಪ್ಪು. ನಿಜವಾಗಿ ನಡೆದದ್ದು ಇವೆರಡಕ್ಕಿಂತ ಸ್ವಾರಸ್ಯವಾದದ್ದು, ಮತ್ತು ನನ್ನಂಥ ಸಾಹಿತ್ಯದ ವಿದ್ಯಾರ್ಥಿಗೆ ಚೆನ್ನಾಗಿ ಪರಿಚಯವಿರುವಂಥದ್ದು.

1989ರ ಆಗಸ್ಟಿನಲ್ಲಿ ವಾಯೇಜರ್ 2 ನೆಪ್ಚೂನನ್ನು ಹಾದುಹೋಯಿತು. ಇಂಥ ನೌಕೆಗಳ ಕ್ಯಾಮೆರಾ ನಮ್ಮ ಫೋನಿನ ಕ್ಯಾಮೆರಾದ ಹಾಗೆ ಒಂದೇ ಏಟಿಗೆ ಬಣ್ಣದ ಚಿತ್ರ ತೆಗೆಯುವುದಿಲ್ಲ. ಎದುರಿಗೆ ಒಂದು ಫಿಲ್ಟರ್ ಬರುತ್ತದೆ; ಆ ಫಿಲ್ಟರ್ ಒಳಗೆ ಬಿಟ್ಟ ಬೆಳಕು ಎಲ್ಲೆಲ್ಲಿ ಎಷ್ಟೆಷ್ಟು ಬಿತ್ತು ಎಂಬುದನ್ನು ಕಪ್ಪು ಬಿಳುಪಿನಲ್ಲಿ ದಾಖಲಿಸಿಕೊಳ್ಳುತ್ತದೆ. ಆಮೇಲೆ ಇನ್ನೊಂದು ಫಿಲ್ಟರ್, ಇನ್ನೊಂದು ದಾಖಲೆ. ಈ ಕಪ್ಪು ಬಿಳುಪು ಹಾಳೆಗಳನ್ನು ಭೂಮಿಯ ಮೇಲೆ ಕೂತವರು ಒಂದರ ಮೇಲೊಂದು ಇಟ್ಟು, ಪ್ರತಿಯೊಂದಕ್ಕೂ ಒಂದು ಬಣ್ಣ ಕೊಟ್ಟು, ಯಾವುದಕ್ಕೆ ಎಷ್ಟು ಒತ್ತು ಎಂದು ನಿರ್ಧರಿಸಿ, ಒಂದು ಚಿತ್ರ ಮಾಡುತ್ತಾರೆ. ನೆಪ್ಚೂನಿನ ವಿಷಯದಲ್ಲಿ ಅವರು ಬಣ್ಣಗಳ ವ್ಯತ್ಯಾಸವನ್ನು ಬೇಕೆಂದೇ ಹಿಗ್ಗಿಸಿದರು. ಕಾರಣ ಸರಳ. ಆ ಗ್ರಹದ ಮೋಡ, ಪಟ್ಟೆ, ದೊಡ್ಡ ಕಪ್ಪು ಮಚ್ಚೆ ಇವೆಲ್ಲ ಸಹಜ ಬಣ್ಣದಲ್ಲಿ ಮಸುಕು. ಹಿಗ್ಗಿಸಿದರೆ ಎದ್ದು ಕಾಣುತ್ತವೆ. ಹಾಗೆ ಮಾಡಿದಾಗ ನೀಲಿ ಕಡುವಾಯಿತು. ಮೂರು ವರ್ಷ ಹಿಂದೆ, 1986ರಲ್ಲಿ, ತೆಗೆದ ಯುರೇನಸ್ಸಿನ ಪ್ರಸಿದ್ಧ ಚಿತ್ರಕ್ಕೆ ಈ ಉಪಚಾರ ಅಷ್ಟಾಗಿ ಆಗಿರಲಿಲ್ಲ. ಹಾಗಾಗಿ ಒಂದೇ ಬಣ್ಣದ ಎರಡು ಗ್ರಹಗಳು ಚಾರ್ಟಿನಲ್ಲಿ ಅಕ್ಕಪಕ್ಕ ಬೇರೆಬೇರೆ ಬಣ್ಣದಲ್ಲಿ ಕೂತವು.

ಇದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಬಣ್ಣ ಹೆಚ್ಚಿಸಲಾಗಿದೆ ಎಂದು ಆ ಚಿತ್ರಗಳ ಅಡಿಬರಹದಲ್ಲೇ ಇತ್ತು; ಗ್ರಹವಿಜ್ಞಾನಿಗಳಿಗೆ ಗೊತ್ತಿತ್ತು. ಇರ್ವಿನ್ ಅವರೂ ಇದನ್ನೇ ಹೇಳುತ್ತಾರೆ. ಚಿತ್ರ ಒಂದು ಪುಸ್ತಕದಿಂದ ಇನ್ನೊಂದಕ್ಕೆ, ಪುಸ್ತಕದಿಂದ ಚಾರ್ಟಿಗೆ, ಚಾರ್ಟಿನಿಂದ ಮಕ್ಕಳ ನೋಟ್‌ಬುಕ್ಕಿನ ರಕ್ಷಾಪುಟಕ್ಕೆ ದಾಟುತ್ತ ಹೋಯಿತು. ಅಡಿಬರಹ ಎಲ್ಲೋ ದಾರಿಯಲ್ಲಿ ಬಿದ್ದುಹೋಯಿತು.

ನನ್ನ ಪಿಎಚ್.ಡಿ. ವಿಷಯ ಅನುವಾದ. ಖಗೋಳವಲ್ಲ. (‘ನಕ್ಷತ್ರ ಆಮೇಲೆ ಎಣಿಸುವಿಯಂತೆ, ಮೂರನೇ ಅಧ್ಯಾಯ ಕೊಡು’ ಎಂಬ ಮಾತು ನನ್ನ ಪಾಲಿಗೆ ರೂಪಕವಲ್ಲ.) ಆದರೆ ಕಣ್ಣಿಗೆ ಕಾಣದ ಬೆಳಕಿನಲ್ಲಿ ತೆಗೆದ ಆಕಾಶದ ಚಿತ್ರಗಳನ್ನು ನೋಡುವಾಗಲೆಲ್ಲ ಇವು ಅನುವಾದಗಳು, ಇವನ್ನು ಅನುವಾದಗಳ ಹಾಗೆಯೇ ಓದಬೇಕು, ವಿಮರ್ಶೆಯನ್ನೂ ಹಾಗೆಯೇ ಮಾಡಬೇಕು ಅನಿಸುತ್ತದೆ. ನಾವು ಮಾಡುತ್ತಿರುವುದು ಬೇರೆಯೇ. ಒಂದೋ ಅವನ್ನು ಫೋಟೊ ಎಂದು ನಂಬುತ್ತೇವೆ, ಇಲ್ಲವೇ ಫೋಟೊಶಾಪ್ ಎಂದು ತಳ್ಳುತ್ತೇವೆ. ಬಾಣಭಟ್ಟನ ಗದ್ಯವನ್ನು ನಾಗವರ್ಮ ಚಂಪುವಾಗಿ ‘ಕರ್ಣಾಟಕ ಕಾದಂಬರಿ’ ಮಾಡಿದ. ಅದನ್ನು ಓದಿ ‘ಬಾಣ ಹೀಗೆ ಪದ್ಯ ಬರೆದಿದ್ದ’ ಎಂದು ಯಾರೂ ತಿಳಿಯುವುದಿಲ್ಲ. ‘ನಾಗವರ್ಮ ಮೋಸ ಮಾಡಿದ’ ಎಂದೂ ಕೂಗುವುದಿಲ್ಲ. ಯಾವುದನ್ನು ಉಳಿಸಿಕೊಂಡ, ಯಾವುದನ್ನು ಬಿಟ್ಟ, ಬಿಟ್ಟದ್ದಕ್ಕೆ ಪ್ರತಿಯಾಗಿ ಏನು ಕೊಟ್ಟ ಎಂದು ಕೇಳುತ್ತೇವೆ.

ಕಣ್ಣಿನ ಭಾಷೆ ಬಹಳ ಚಿಕ್ಕದು. ಸುಮಾರು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕು ಮಾತ್ರ ನಮಗೆ ಕಾಣುತ್ತದೆ. ಆಚೀಚೆ ಇರುವುದು ಗೊತ್ತಾಗಿ ಇನ್ನೂ ಸುಮಾರು 225 ವರ್ಷ. 1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಚೆಲ್ಲಿದ ಬಣ್ಣಗಳ ಸಾಲಿನಲ್ಲಿ ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟ, ಪಾದರಸ ಏರಿತು. ಮರುವರ್ಷವೇ ಜರ್ಮನಿಯ ರಿಟ್ಟರ್ ಇನ್ನೊಂದು ತುದಿಯಲ್ಲಿ, ನೇರಳೆಯ ಆಚೆಯ ಕತ್ತಲಲ್ಲಿ, ಬೆಳ್ಳಿಯ ಲವಣ ಕಪ್ಪಾಗುವುದನ್ನು ಕಂಡ. ಈ ಹರ್ಷೆಲ್‌ನೇ 1781ರಲ್ಲಿ ಯುರೇನಸ್ಸನ್ನು ಕಂಡುಹಿಡಿದವನು ಎಂಬುದು ಈ ಲೇಖನಕ್ಕೆ ತಾನಾಗಿ ಒದಗಿದ ಕಾಕತಾಳೀಯ.

ಕನ್ನಡದಲ್ಲಿ ಇವಕ್ಕೆ ಇಟ್ಟ ಹೆಸರುಗಳನ್ನು ಗಮನಿಸಿ. ಅವಕೆಂಪು, ಅತಿನೇರಳೆ. ಕೆಂಪಿನ ಕೆಳಗೆ, ನೇರಳೆಯ ಆಚೆ. ಕಾಣದ್ದಕ್ಕೂ ಕಾಣುವ ಬಣ್ಣದ ನೆರೆಮನೆಯ ವಿಳಾಸ. ಇದಕ್ಕಿಂತ ನನಗೆ ಇಷ್ಟ ‘ಕ್ಷ-ಕಿರಣ’. ‘ಯಾರೋ ಒಬ್ಬ ಕ್ಷ ವ್ಯಕ್ತಿ’ ಎನ್ನುವಾಗಿನ ಕ್ಷ ಅದು. ಗೊತ್ತಿಲ್ಲದ್ದು ಎಂದೇ ಅದರ ಅರ್ಥ. ರೊಂಟ್ಗೆನ್ 1895ರಲ್ಲಿ ಒಪ್ಪಿಕೊಂಡ ಅಜ್ಞಾನವನ್ನು ಕನ್ನಡ ಒಂದಕ್ಷರದಲ್ಲಿ ಪ್ರಾಮಾಣಿಕವಾಗಿ ದಾಟಿಸಿದೆ.

ಅನುವಾದ ಎಂದಮೇಲೆ ಮೂಲ ಒಂದು, ಪಾಠ ಹಲವು ಇರಬೇಕಲ್ಲ. ಅದಕ್ಕೆ ಒಳ್ಳೆಯ ಉದಾಹರಣೆ ಎಲ್ಲರೂ ನೋಡಿರುವ ಆ ‘ಸೃಷ್ಟಿಯ ಸ್ತಂಭಗಳು’. ಸುಮಾರು 6,500 ಜ್ಯೋತಿರ್ವರ್ಷ ದೂರದಲ್ಲಿರುವ ಈಗಲ್ ನೀಹಾರಿಕೆಯಲ್ಲಿ ಎದ್ದು ನಿಂತ ಮೂರು ಧೂಳಿನ ಕಂಬಗಳು. 1995ರ ಏಪ್ರಿಲ್ 1ರಂದು ಹಬಲ್ ದೂರದರ್ಶಕದಿಂದ ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವೆನ್ ತೆಗೆದ ಚಿತ್ರ. ಟೀ-ಶರ್ಟು, ಕ್ಯಾಲೆಂಡರು, ಹಾಡಿನ ಆಲ್ಬಂ ಎಲ್ಲದರ ಮೇಲೂ ಬಂದಿದೆ. ಮೇಲಿನ ಬಲಮೂಲೆಯಲ್ಲಿ ಮೆಟ್ಟಿಲಿನಾಕಾರದ ಕಪ್ಪು ಖಾಲಿ ಜಾಗ ಇರುವುದು ಅದರ ಗುರುತು. ನಾಲ್ಕು ಕ್ಯಾಮೆರಾಗಳಲ್ಲಿ ಒಂದು ಹೆಚ್ಚು ಹತ್ತಿರದ ನೋಟ ಕೊಡುತ್ತಿತ್ತು. ಉಳಿದವುಗಳ ಅಳತೆಗೆ ಕುಗ್ಗಿಸಿದಾಗ ಅಷ್ಟು ಜಾಗ ಬರಿದಾಯಿತು. ಅದನ್ನು ತೇಪೆ ಹಾಕದೆ ಹಾಗೇ ಬಿಟ್ಟದ್ದು ಆ ಚಿತ್ರದ ದೊಡ್ಡ ಗುಣ ಎಂದು ನನ್ನ ಅಭಿಪ್ರಾಯ. ಇದು ಕಿಟಕಿಯಿಂದ ಕಂಡ ನೋಟವಲ್ಲ, ತುಂಡು ತುಂಡಾಗಿ ಜೋಡಿಸಿದ್ದು ಎಂದು ಚಿತ್ರವೇ ಹೇಳುತ್ತದೆ. ಮುಂದೆ 2014ರಲ್ಲಿ ಹೊಸ ಕ್ಯಾಮೆರಾದಿಂದ ತೆಗೆದ ಚಿತ್ರ ಹೆಚ್ಚು ನುಣುಪು, ಹೆಚ್ಚು ಅಗಲ, ಮತ್ತು ಆ ಮಟ್ಟಿಗೆ ಹೆಚ್ಚು ಮೌನಿ.

ಆ ಬಣ್ಣಗಳು ಏನು? ಮೂರು ಫಿಲ್ಟರ್ ಬಳಸಿದ್ದರು. ಆಮ್ಲಜನಕ ಹೊಮ್ಮಿಸುವ ಬೆಳಕು ಸುಮಾರು 501 ನ್ಯಾನೊಮೀಟರ್, ಜಲಜನಕದ್ದು 656, ಗಂಧಕದ್ದು ಸುಮಾರು 672. ಚಿತ್ರದಲ್ಲಿ ಆಮ್ಲಜನಕ ನೀಲಿ, ಜಲಜನಕ ಹಸಿರು, ಗಂಧಕ ಕೆಂಪು. ಆದರೆ ಜಲಜನಕದ ಆ ಬೆಳಕು ಕಣ್ಣಿಗೆ ಹಸಿರಲ್ಲ, ಕೆಂಪು. ಗಂಧಕದ್ದೂ ಕೆಂಪೇ. ಎರಡರ ನಡುವೆ ಬರೀ 16 ನ್ಯಾನೊಮೀಟರಿನ ಅಂತರ, ಕಣ್ಣು ಬೇರ್ಪಡಿಸಲಾರದು. ಸಹಜ ಬಣ್ಣದಲ್ಲಿ ಬಿಟ್ಟಿದ್ದರೆ ಎರಡೂ ಒಂದೇ ಕೆಂಪಿನಲ್ಲಿ ಕರಗಿ, ಯಾವ ಅನಿಲ ಎಲ್ಲಿದೆ ಎಂಬ ಮಾಹಿತಿ ಕಳೆದುಹೋಗುತ್ತಿತ್ತು. ಹಾಗಾಗಿ ಎರಡು ಕೆಂಪುಗಳನ್ನು ಎಳೆದು ದೂರ ಮಾಡಿದರು. ಆದರೆ ಸಾಲು ಕೆಡಿಸಲಿಲ್ಲ. ಕಿರಿಯ ತರಂಗಾಂತರಕ್ಕೆ ನೀಲಿ, ನಡುವಿನದಕ್ಕೆ ಹಸಿರು, ಹಿರಿಯದಕ್ಕೆ ಕೆಂಪು. ಸಂಗೀತ ಗೊತ್ತಿರುವವರಿಗೆ ಹೀಗೆ ಹೇಳಬಹುದು: ಎರಡು ಶ್ರುತಿಗಳು ತೀರ ಹತ್ತಿರ ಇದ್ದುದರಿಂದ ಅಂತರ ಹಿಗ್ಗಿಸಿದ್ದಾರೆ, ಆರೋಹಣದ ಕ್ರಮ ತಪ್ಪಿಸಿಲ್ಲ.

2022ರ ಅಕ್ಟೋಬರಿನಲ್ಲಿ ಜೇಮ್ಸ್ ವೆಬ್ ದೂರದರ್ಶಕ ಇದೇ ಕಂಬಗಳ ಎರಡು ಹೊಸ ಪಾಠಗಳನ್ನು ಕೊಟ್ಟಿತು. ವೆಬ್ ನೋಡುವುದು ಮುಖ್ಯವಾಗಿ ಅವಕೆಂಪಿನಲ್ಲಿ. ಕಣ್ಣಿಗೆ ಕಾಣುವ ಬೆಳಕನ್ನು ಧೂಳು ತಡೆಯುತ್ತದೆ. ಅವಕೆಂಪಿನ ಹತ್ತಿರದ ಅಲೆಗಳು ಬಹುಮಟ್ಟಿಗೆ ಅದನ್ನು ಹಾದು ಬರುತ್ತವೆ. ಹಾಗಾಗಿ ಮೊದಲ ಚಿತ್ರದಲ್ಲಿ ಕಂಬಗಳು ಅರೆಪಾರದರ್ಶಕ, ಸುತ್ತ ನಕ್ಷತ್ರಗಳ ಸಂತೆ. ಕಂಬದ ಅಂಚುಗಳಲ್ಲಿ ಕೆಂಪು ಕಿಡಿಗಳ ಹಾಗೆ ಈಗಷ್ಟೇ ಹುಟ್ಟುತ್ತಿರುವ ನಕ್ಷತ್ರಗಳು. ಹಬಲ್ ಚಿತ್ರದಲ್ಲಿ ಕಲ್ಲಿನಂತೆ ಕಂಡದ್ದು ಇಲ್ಲಿ ಹೊಗೆ. ಎರಡನೆಯದು ಇನ್ನೂ ಉದ್ದದ ಅವಕೆಂಪು ಅಲೆಗಳದ್ದು. ಅಲ್ಲಿ ನಕ್ಷತ್ರಗಳು ಬಹುತೇಕ ಮಾಯ. ಆ ಅಲೆಗಳಲ್ಲಿ ಅವುಗಳ ಬೆಳಕು ಕ್ಷೀಣ. ಧೂಳು ಮಾತ್ರ ತಾನೇ ಬೆಳಗುತ್ತದೆ. ಬೂದು ಬಣ್ಣದ, ಗಾಳಿಗೆ ಹರಿದ ಬಟ್ಟೆಯಂಥ ಆಕೃತಿಗಳು.

ಇವುಗಳಲ್ಲಿ ಮೊದಲನೆಯದೇ ಎಲ್ಲ ಕಡೆ ಹರಿದಾಡಿತು. ನನಗೆ ಎರಡನೆಯದು ಮೇಲು. ಮೊದಲನೆಯದು ಹಬಲ್ ಚಿತ್ರದ ಪರಿಷ್ಕೃತ ಮುದ್ರಣದಂತಿದೆ: ಅದೇ ಕಂಬ, ಅದೇ ಬಂಗಾರದ ಕಂದು, ಅದೇ ನೀಲಿ ಹಿನ್ನೆಲೆ. ಓದುಗನಿಗೆ ಪರಿಚಿತವಾದ ಶೈಲಿಗೆ ಒಗ್ಗಿಸಿದ ಅನುವಾದ. ಎರಡನೆಯದು ಒಗ್ಗುವುದಿಲ್ಲ. ಆಕಾಶದ ಚಿತ್ರದಲ್ಲಿ ನಕ್ಷತ್ರವೇ ಇಲ್ಲವೆಂದರೆ ಏನಿದು ಎಂದು ನಿಲ್ಲಬೇಕಾಗುತ್ತದೆ. ಇದು ನನಗೆ ಗೊತ್ತಿಲ್ಲದ ಬೆಳಕು ಎಂಬ ಅರಿವು ಚಿತ್ರದ ಒಳಗೇ ಇದೆ. ಬಳಿಕ ಎರಡನ್ನೂ ಬೆರೆಸಿ ಮೂರನೆಯದೊಂದನ್ನು ಬಿಡುಗಡೆ ಮಾಡಿದರು. ಎರಡು ಅನುವಾದಗಳ ಒಳ್ಳೆಯ ಸಾಲುಗಳನ್ನು ಆಯ್ದು ಸೇರಿಸಿದ ಪದ್ಯದ ಹಾಗೆ, ನೋಡಲು ಚೆನ್ನ, ನೆನಪಿನಲ್ಲಿ ನಿಲ್ಲುವುದಿಲ್ಲ.

ವೆಬ್ ಚಿತ್ರಗಳಿಗೆ ಬಣ್ಣ ಕೊಡುವ ಜೋಸೆಫ್ ಡಿಪ್ಯಾಸ್ಕ್ವಾಲಿ, ಅಲಿಸ್ಸಾ ಪೇಗನ್ ಅವರ ಹೆಸರು ಚಿತ್ರದ ಜೊತೆಗೇ ಪ್ರಕಟವಾಗುತ್ತದೆ. ಅನುವಾದಕರ ಹೆಸರು ರಕ್ಷಾಪುಟದಲ್ಲಿ ಬರಬೇಕೆಂದು ಹೋರಾಡುವ ನಾವು ಇದನ್ನು ಗಮನಿಸಬೇಕು. ಅವರು ಅನುಸರಿಸುವ ನಿಯಮವೂ ಬಚ್ಚಿಟ್ಟದ್ದಲ್ಲ: ಉದ್ದದ ಅಲೆಗಳಿಗೆ ಕೆಂಪು, ಗಿಡ್ಡ ಅಲೆಗಳಿಗೆ ನೀಲಿ. ಮಂದ್ರ ಸ್ಥಾಯಿಯಲ್ಲಿ ನಮ್ಮ ಕಿವಿಗೆ ಎಟುಕದ ಆಲಾಪವನ್ನು ಮಧ್ಯ ಸ್ಥಾಯಿಗೆ ಎತ್ತಿ ಹಾಡಿದಂತೆ. ಶ್ರುತಿ ಬದಲಾಯಿತು, ರಾಗ ಅದೇ.

ಆದರೆ ಕ್ರಮ ಸರಿ ಇದ್ದಮಾತ್ರಕ್ಕೆ ಆಯ್ಕೆ ಮುಗ್ಧ ಆಗುವುದಿಲ್ಲ. ಕಲಾ ಇತಿಹಾಸಕಾರ್ತಿ ಎಲಿಜಬೆತ್ ಕೆಸ್ಲರ್ 2012ರಲ್ಲಿ ಪ್ರಕಟಿಸಿದ ‘ಪಿಕ್ಚರಿಂಗ್ ದ ಕಾಸ್ಮಾಸ್’ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಹಬಲ್ ನೀಹಾರಿಕೆಗಳ ಬಣ್ಣ, ಚೌಕಟ್ಟು, ಬೆಳಕು ನೆರಳಿನ ವಿನ್ಯಾಸ ಇವೆಲ್ಲ 19ನೇ ಶತಮಾನದ ಅಮೆರಿಕನ್ ಪಶ್ಚಿಮದ ಭೂದೃಶ್ಯ ಚಿತ್ರಗಳನ್ನು, ಥಾಮಸ್ ಮೊರಾನ್, ಆಲ್ಬರ್ಟ್ ಬಿಯರ್‌ಸ್ಟಾಟ್ ಮುಂತಾದವರನ್ನು ನೆನಪಿಸುತ್ತವೆ ಎಂಬುದು ಅವರ ವಾದ. ಆಕಾಶದಲ್ಲಿ ಮೇಲು ಕೆಳಗು ಇಲ್ಲ. ಕಂಬಗಳನ್ನು ನೆಟ್ಟಗೆ ನಿಲ್ಲಿಸಿದ್ದು ಚೌಕಟ್ಟು. ನಾಲ್ಕು ಜ್ಯೋತಿರ್ವರ್ಷ ಎತ್ತರದ ಧೂಳಿನ ರಾಶಿಯನ್ನು ಬಂಡೆಯ ಕೋಡಿನಂತೆ, ಹಿಂದೆ ಸಂಜೆಯ ಬೆಳಕು ಬಿದ್ದಂತೆ ನೋಡಲು ಕಲಿಸಿದ್ದು ಅಮೆರಿಕದ ಚಿತ್ರಪರಂಪರೆ.

ಈ ವಾದವನ್ನು ನಾನು ಒಪ್ಪುತ್ತೇನೆ, ಅರ್ಧ ದೂರದವರೆಗೆ. ಚಿತ್ರ ಎಲ್ಲಿಂದ ಹೊರಟಿತು ಎಂಬುದನ್ನು ಅದು ಹೇಳುತ್ತದೆ, ಎಲ್ಲಿ ಬಂದು ಇಳಿಯಿತು ಎಂಬುದನ್ನಲ್ಲ. ಯೆಲ್ಲೊಸ್ಟೋನಿನ ನೆನಪು ಇಲ್ಲದ ನಮ್ಮ ಕಣ್ಣಿಗೆ ಆ ಚಿತ್ರ ಕ್ಯಾನ್ಯನ್ ಆಗುವುದಿಲ್ಲ. ಈಗಲ್ ಎಂದರೆ ಕನ್ನಡಕ್ಕೆ ಹದ್ದು. ಕೆಲವರು ಗರುಡ ಎನ್ನುತ್ತಾರೆ. ಗರುಡ ನೀಹಾರಿಕೆಯಲ್ಲಿ ಕಂಬ ಎಂದ ಕೂಡಲೇ ಅದು ಗರುಡಗಂಬ! ಮೇಲೆ ‘ಸೃಷ್ಟಿ’ ಎಂಬ ಮಾತು ಬೇರೆ. ಅಮೆರಿಕದ ಅಡವಿಯ ಭವ್ಯತೆ ಇಲ್ಲಿ ದೇವಸ್ಥಾನದ ಅಂಗಳವಾಗುತ್ತದೆ. ಹೆಲಿಕ್ಸ್ ಎಂಬ ನೀಹಾರಿಕೆಯ ಚಿತ್ರ ‘ದೇವರ ಕಣ್ಣು, 3000 ವರ್ಷಕ್ಕೊಮ್ಮೆ ಕಾಣುತ್ತದೆ, ನೋಡಿ ಹರಸಿಕೊಳ್ಳಿ’ ಎಂಬ ಒಕ್ಕಣೆಯೊಡನೆ ವರ್ಷವರ್ಷವೂ ಮೊಬೈಲುಗಳಲ್ಲಿ ಸುತ್ತುವುದು ಅಜ್ಞಾನದಿಂದ ಮಾತ್ರವಲ್ಲ. ಆ ಚಿತ್ರಕ್ಕೆ ಬೆರಗಿನ ವ್ಯಾಕರಣ ಇದೆ, ಅಡಿಬರಹ ಇಲ್ಲ. ಅಡಿಬರಹ ಇಲ್ಲದ ಬೆರಗನ್ನು ಯಾರು ಬೇಕಾದರೂ ಬಂದು ತಮ್ಮದು ಎನ್ನಬಹುದು. ಅಂದಹಾಗೆ ಆ ‘ಕಣ್ಣು’ ಕುಂಭ ರಾಶಿಯ ದಿಕ್ಕಿನಲ್ಲಿ, ಸಾಯುತ್ತಿರುವ ನಕ್ಷತ್ರವೊಂದು ಕಳಚಿಕೊಂಡ ಅನಿಲ. ಸಾಧಾರಣ ದೂರದರ್ಶಕದಲ್ಲಿ ಯಾವ ವರ್ಷವಾದರೂ ನೋಡಬಹುದು. ಮಬ್ಬು ಬೂದು ಮೋಡದ ಹಾಗೆ ಕಾಣುತ್ತದೆ.

ಇಲ್ಲಿ ಒಂದು ಭೇದ ಮಾಡಬೇಕು. ಬಣ್ಣ ಕೊಟ್ಟ ಚಿತ್ರಗಳೆಲ್ಲ ಒಂದೇ ಜಾತಿಯವಲ್ಲ. ಕಂಬಗಳ ಚಿತ್ರದಲ್ಲಿ ಬೇರೆಬೇರೆ ತರಂಗಾಂತರಕ್ಕೆ ಬೇರೆಬೇರೆ ಬಣ್ಣ. ಇದು ಅನುವಾದ. 2019ರ ಏಪ್ರಿಲ್ 10ರಂದು ಜಗತ್ತು ನೋಡಿದ ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಚಿತ್ರದಲ್ಲಿ ಇರುವುದು ಒಂದೇ ತರಂಗಾಂತರ, 1.3 ಮಿಲಿಮೀಟರಿನ ರೇಡಿಯೊ ಅಲೆ. ಅಲ್ಲಿನ ಕಪ್ಪು, ಕಿತ್ತಳೆ, ಹಳದಿ ಇವೆಲ್ಲ ಅಲೆಯ ಬಣ್ಣವಲ್ಲ, ತೀವ್ರತೆಯ ಅಂಕ. ಮಳೆಯ ನಕ್ಷೆಯಲ್ಲಿ ಹೆಚ್ಚು ಮಳೆಯಾದ ಜಿಲ್ಲೆಗೆ ಕಡು ಬಣ್ಣ ಬಳಿದಂತೆ. ಇದನ್ನು ಅನುವಾದ ಎನ್ನುವುದಕ್ಕಿಂತ ಟೀಕು ಎನ್ನಬೇಕು. ಕಿತ್ತಳೆಯ ಬದಲು ಹಸಿರು ಹಾಕಿದ್ದರೂ ಮಾಹಿತಿಯಲ್ಲಿ ಏನೂ ಕೆಡುತ್ತಿರಲಿಲ್ಲ. ಬೆಂಕಿಯ ಬಳೆ ಎಂದು ನಮಗೆ ಅನಿಸುತ್ತಿರಲಿಲ್ಲ, ಅಷ್ಟೆ. ಸುತ್ತಲಿನ ಅನಿಲ ಅತ್ಯಂತ ಬಿಸಿ ಎಂಬುದು ನಿಜ, ಹಾಗಾಗಿ ಬೆಂಕಿಯ ಬಣ್ಣ ತೀರ ಸುಳ್ಳಲ್ಲ ಎಂದು ವಾದಿಸಬಹುದು. ಟೀಕುಗಾರ ತನ್ನ ಮತವನ್ನು ಮೂಲದ ಬಾಯಲ್ಲಿ ಹೇಳಿಸುವುದು ಹೀಗೆಯೇ.

ಇವೆಲ್ಲ ದೂರದ ವಸ್ತುಗಳು. ಹತ್ತಿರ ಹೋಗಿ ನೋಡಿ ಬಂದವರಿಲ್ಲ. ಹಾಗಿದ್ದರೆ ನೆರೆಯ ಗ್ರಹವನ್ನೇ ತೆಗೆದುಕೊಳ್ಳೋಣ. ತರಂಗಾಂತರ ಬದಲಾದರೆ ಬರೀ ಬಣ್ಣ ಬದಲಾಗುವುದಿಲ್ಲ, ಹೇಳುವ ವಿಷಯವೇ ಬದಲಾಗುತ್ತದೆ ಎಂಬುದಕ್ಕೆ ಶುಕ್ರನಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ನಮ್ಮ ಹಳ್ಳಿಗಳಲ್ಲಿ ಅದು ಬೆಳ್ಳಿ. ಬೆಳ್ಳಿ ಮೂಡುವ ಹೊತ್ತು ಎಂದರೆ ಏಳುವ ಹೊತ್ತು. ಹೆಸರು ಪೂರ್ತಿ ಕಣ್ಣಿನ ಬೆಳಕಿನದು: ಬೆಳ್ಳಗೆ, ಮಿರುಗುವಂಥದ್ದು. ದೂರದರ್ಶಕದಲ್ಲಿ ನೋಡಿದರೂ ಅಷ್ಟೆ, ಗುರುತಿಲ್ಲದ ಬಿಳಿ. ಗಂಧಕಾಮ್ಲದ ಮೋಡ ಗ್ರಹವನ್ನು ಪೂರ್ತಿ ಮುಚ್ಚಿ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಬೆಳಕಿನ ಸಾಕ್ಷ್ಯ ಇಷ್ಟೇ: ಇಲ್ಲಿ ಏನೂ ಇಲ್ಲ.

ಅತಿನೇರಳೆಯಲ್ಲಿ ನೋಡಿದರೆ ಅದೇ ಬಿಳಿ ಮುಖದ ಮೇಲೆ ಕಪ್ಪು ಪಟ್ಟೆಗಳು ಹೊರಡುತ್ತವೆ. 1974ರಲ್ಲಿ ಮ್ಯಾರಿನರ್ 10 ನೌಕೆ ಹಾದುಹೋಗುವಾಗ ತೆಗೆದ ಚಿತ್ರಗಳಲ್ಲಿ ಅಡ್ಡ ಮಲಗಿದ ಇಂಗ್ಲಿಷಿನ ವೈ ಅಕ್ಷರದಂತೆ ಹರಡಿದ ಮೋಡಗಳಿವೆ. ಜಪಾನಿನ ಅಕಾತ್ಸುಕಿ ನೌಕೆ 2015ರಲ್ಲಿ ಶುಕ್ರನ ಕಕ್ಷೆ ಸೇರಿ ವರ್ಷಗಟ್ಟಲೆ ಇವನ್ನು ಹಿಂಬಾಲಿಸಿತು. ಮೋಡದ ತುದಿಯ ಗಾಳಿ ಸುಮಾರು ನಾಲ್ಕು ದಿನಕ್ಕೆ ಗ್ರಹವನ್ನು ಸುತ್ತುತ್ತದೆ. ಗ್ರಹ ತಾನು ಒಮ್ಮೆ ತಿರುಗಲು 243 ದಿನ ತೆಗೆದುಕೊಳ್ಳುತ್ತದೆ. ಅತಿನೇರಳೆಯನ್ನು ಹೀರಿ ಆ ಪಟ್ಟೆಗಳನ್ನು ಕಪ್ಪಾಗಿಸುವ ವಸ್ತು ಯಾವುದೆಂದು ಇನ್ನೂ ಖಚಿತವಾಗಿ ಗೊತ್ತಾಗಿಲ್ಲ. ಅದೂ ಒಂದು ‘ಕ್ಷ’.

ರೇಡಾರಿನಲ್ಲಿ ನೋಡಿದರೆ ಮೋಡವೇ ಇಲ್ಲ. 1990ರಿಂದ 1994ರವರೆಗೆ ಶುಕ್ರನನ್ನು ಸುತ್ತಿದ ಮೆಗೆಲ್ಲನ್ ನೌಕೆ 12.6 ಸೆಂಟಿಮೀಟರಿನ ಅಲೆಗಳನ್ನು ಕಳಿಸಿ, ನೆಲದಿಂದ ಮರಳಿದ ಪ್ರತಿಧ್ವನಿಯಿಂದ ಶೇ. 98ರಷ್ಟು ನೆಲದ ನಕ್ಷೆ ಮಾಡಿತು. ಜ್ವಾಲಾಮುಖಿ, ಬಿರುಕು, ಲಾವಾ ಹರಿದ ಕಾಲುವೆ. ನಾವೆಲ್ಲ ನೋಡಿರುವ ಆ ಉರಿಯುವ ಕಿತ್ತಳೆ ಶುಕ್ರ ಇದೇ. ರೇಡಾರಿಗೆ ಬಣ್ಣ ಗೊತ್ತಿಲ್ಲ. ಕಿತ್ತಳೆ ಎಲ್ಲಿಂದ ಬಂತು? 1982ರಲ್ಲಿ ಸೋವಿಯತ್ ಒಕ್ಕೂಟದ ವೆನೆರಾ 13 ಮತ್ತು 14 ನೌಕೆಗಳು ಶುಕ್ರನ ನೆಲದ ಮೇಲೆ ಇಳಿದು ಬಣ್ಣದ ಚಿತ್ರ ಕಳಿಸಿದವು. ಸುಮಾರು 460 ಡಿಗ್ರಿ ಶಾಖ, ಭೂಮಿಯ ತೊಂಬತ್ತರಷ್ಟು ಒತ್ತಡ. ವೆನೆರಾ 13 ಅಲ್ಲಿ 127 ನಿಮಿಷ ಬದುಕಿತ್ತು. ದಟ್ಟ ವಾತಾವರಣ ನೀಲಿಯನ್ನು ಸೋಸಿಬಿಡುವುದರಿಂದ ಅಲ್ಲಿ ಎಲ್ಲವೂ ಕಿತ್ತಳೆ. ಆ ಕಿತ್ತಳೆಯನ್ನು ಎರವಲು ತಂದು ಅಮೆರಿಕದ ರೇಡಾರ್ ನಕ್ಷೆಗೆ ಬಳಿದರು. ಬೆಟ್ಟಗಳನ್ನು ಪಕ್ಕದಿಂದ ನೋಡಿದಂತೆ ತೋರಿಸುವ ಚಿತ್ರಗಳಲ್ಲಿ ಎತ್ತರವನ್ನು ಹಲವು ಪಟ್ಟು ಹಿಗ್ಗಿಸಿದರು. ಮಾತ್ ಎಂಬ ಜ್ವಾಲಾಮುಖಿ ಅಲ್ಲಿ ಕಡಿದಾದ ಶಿಖರ, ನಿಜದಲ್ಲಿ ಮೆಲ್ಲಗೆ ಏರುವ ಅಗಲ ದಿಬ್ಬ.

ಈಗ ಅಡಿಬರಹ ಕಿತ್ತು ಈ ಮೂರು ಚಿತ್ರಗಳನ್ನು ಮಗುವಿನ ಮುಂದೆ ಇಡಿ. ಬಿಳಿ ಚೆಂಡು, ಕಪ್ಪು ಪಟ್ಟೆಯ ಚೆಂಡು, ಬೆಂಕಿಯ ಉಂಡೆ. ಯಾವುದು ನಿಜವಾದ ಶುಕ್ರ ಎಂದು ಮಗು ಕೇಳುತ್ತದೆ. ಆ ಪ್ರಶ್ನೆಗೆ ಉತ್ತರ ಇಲ್ಲ, ಯಾಕೆಂದರೆ ಮೂರೂ ಬೇರೆಬೇರೆ ಪ್ರಶ್ನೆಗಳ ಉತ್ತರಗಳು. ಒಂದು ಮೋಡದ ಮೇಲ್ಮೈ, ಒಂದು ಮೋಡದ ಚಲನೆ, ಒಂದು ಮೋಡದ ಕೆಳಗಿನ ನೆಲ. ಪ್ರಶ್ನೆ ಯಾವುದೆಂದು ಹೇಳಬೇಕಾದದ್ದು ಅಡಿಬರಹ.

ಹಾಗಾಗಿ ನನ್ನ ದೂರು ಬಣ್ಣ ಕೊಟ್ಟವರ ಮೇಲೆ ಅಷ್ಟಾಗಿ ಇಲ್ಲ. ಅವರು ತಮ್ಮ ಕೆಲಸವನ್ನು ಬರೆದಿಟ್ಟಿದ್ದಾರೆ. ದೂರು ಇರುವುದು ನಮ್ಮ ಮೇಲೆ, ಕನ್ನಡಕ್ಕೆ ಈ ಚಿತ್ರಗಳನ್ನು ತರುವವರ ಮೇಲೆ. ಇಂಗ್ಲಿಷಿನ ಪ್ರಕಟಣೆಯಲ್ಲಿ ಯಾವ ಉಪಕರಣ, ಯಾವ ಫಿಲ್ಟರ್, ಯಾವುದಕ್ಕೆ ಯಾವ ಬಣ್ಣ ಎಲ್ಲ ಇರುತ್ತದೆ. ಕನ್ನಡದ ಪುಟಕ್ಕೆ ಬರುವಾಗ ‘ಸೆರೆಹಿಡಿದ’ ಎಂಬ ಕ್ರಿಯಾಪದ ಮತ್ತು ‘ಅದ್ಭುತ’, ‘ನಯನಮನೋಹರ’ ಎಂಬ ವಿಶೇಷಣಗಳು ಉಳಿಯುತ್ತವೆ. ಮೊದಲು ಉದುರುವುದೇ ತರಂಗಾಂತರ. ನಯನಕ್ಕೆ ಕಾಣದ ಬೆಳಕಿಗೆ ನಯನಮನೋಹರ ಎನ್ನುವುದರಲ್ಲಿ ಹಾಸ್ಯವಿದೆ. ಬರೆದವರಿಗೆ ಅದರ ಉದ್ದೇಶ ಇರಲಿಲ್ಲ ಎಂದು ಕಾಣುತ್ತದೆ.

ಇನ್ನು ಪರಿಭಾಷೆ. ಇಂಗ್ಲಿಷಿನ ‘ಫಾಲ್ಸ್ ಕಲರ್’ ಎಂಬುದನ್ನು ಹುಸಿ ಬಣ್ಣ, ಮಿಥ್ಯಾವರ್ಣ ಎಂದು ನೇರವಾಗಿ ತಂದರೆ ಅನುಮಾನದ ಬೀಜವನ್ನು ನಾವೇ ಬಿತ್ತಿದಂತೆ. ಇಂಗ್ಲಿಷಿನಲ್ಲೇ ಆ ಮಾತು ದಾರಿ ತಪ್ಪಿಸುವಂಥದ್ದು. ‘ಆರೋಪಿತ ಬಣ್ಣ’ ಎಂದರೆ ಠಾಣೆಯ ವಾಸನೆ. ‘ಪ್ರಾತಿನಿಧಿಕ ವರ್ಣ’ ಎಂಬುದು ಅರ್ಥಕ್ಕೆ ಸರಿ, ನಾಲಗೆಗೆ ಭಾರ. ನಕ್ಷೆಯಲ್ಲಿ ನದಿಗೆ ನೀಲಿ, ಕಾಡಿಗೆ ಹಸಿರು ಬಳಿಯುವುದನ್ನು ಯಾರೂ ಹುಸಿ ಎನ್ನುವುದಿಲ್ಲ. ಅದು ಗುರುತು. ‘ಗುರುತಿನ ಬಣ್ಣ’ ಎಂದರೆ ಸಾಕಲ್ಲವೇ? ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಸಂತೋಷ.

ಇದೆಲ್ಲ ದೂರದ ನಾಸಾದ ಸಮಸ್ಯೆ ಎಂದುಕೊಳ್ಳುವ ಹಾಗೂ ಇಲ್ಲ. ಗೌರಿಬಿದನೂರಿನಲ್ಲಿ, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೊ ದೂರದರ್ಶಕ 1970ರ ದಶಕದಿಂದ ಆಕಾಶವನ್ನು ಆಲಿಸಿದೆ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹೊಲದ ನಡುವೆ ನಿಂತ ಸಾವಿರ ಆಂಟೆನಾಗಳು. ಕೇಳಿದ್ದು 34.5 ಮೆಗಾಹರ್ಟ್ಸ್; ಅಂದರೆ ಒಂದೊಂದು ಅಲೆಯೂ ಸುಮಾರು 8.7 ಮೀಟರ್, ಹೆಚ್ಚುಕಡಿಮೆ ಒಂದು ಬಸ್ಸಿನ ಉದ್ದ. ಆ ಅಲೆಗಳಲ್ಲಿ ಕಂಡ ಆಕಾಶದ ನಕ್ಷೆಯನ್ನು ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಪ್ರಕಟಿಸಿದರು. ಆ ಕಾಲದ ರೇಡಿಯೊ ನಕ್ಷೆಗಳು ಬಹುಪಾಲು ಗೆರೆಗಳಲ್ಲಿ ಇರುತ್ತಿದ್ದವು; ಬೆಟ್ಟದ ಎತ್ತರ ತೋರಿಸುವ ಸಮಮಟ್ಟ ರೇಖೆಗಳ ಹಾಗೆ, ಸಮಾನ ತೀವ್ರತೆಯ ಜಾಗಗಳನ್ನು ಸೇರಿಸುವ ಗೆರೆಗಳು. ಅಂಥದನ್ನು ಯಾರೂ ಫೋಟೊ ಎಂದು ತಪ್ಪು ತಿಳಿಯಲಾರರು; ಯಾರೂ ಮೊಬೈಲಿನಲ್ಲಿ ಹಂಚಲಾರರು ಕೂಡ. 2020ರಲ್ಲಿ ಆಸ್ಟ್ರೊಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ, ಬೆಂಗಳೂರಿನಲ್ಲಿ ರೂಪುಗೊಂಡದ್ದು, 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಿಂದ ತೀವ್ರ ಅತಿನೇರಳೆ ಬೆಳಕನ್ನು ಹಿಡಿಯಿತು. ದೊಡ್ಡ ಶೋಧ. ಆದರೆ ನೋಡಲು ಅದೊಂದು ಮಸುಕು ಚುಕ್ಕೆ, ಕ್ಯಾಲೆಂಡರಿಗೆ ಒದಗಲಿಲ್ಲ.

ಮತ್ತೆ 2023ರ ಡಿಸೆಂಬರಿನಲ್ಲಿ ಆದಿತ್ಯ-ಎಲ್1 ನೌಕೆಯ ಉಪಕರಣವೊಂದು 200ರಿಂದ 400 ನ್ಯಾನೊಮೀಟರ್ ನಡುವೆ, ಹನ್ನೊಂದು ಫಿಲ್ಟರುಗಳ ಮೂಲಕ ತೆಗೆದ ಸೂರ್ಯನ ಪೂರ್ಣ ಚಿತ್ರಗಳು ಬಂದವು. ಅತಿನೇರಳೆಯ ಸೂರ್ಯನಿಗೆ ನಮ್ಮ ಕಣ್ಣಿನಲ್ಲಿ ಬಣ್ಣವೇ ಇಲ್ಲ. ಕೊಟ್ಟ ಛಾಯೆಗಳೆಲ್ಲ ಗುರುತಿನವು. ಇಸ್ರೊ ಪ್ರಕಟಣೆಯಲ್ಲಿ ತರಂಗಾಂತರ, ಫಿಲ್ಟರುಗಳ ಲೆಕ್ಕ ಎಲ್ಲ ಇತ್ತು. ನಾನು ಓದಿದ ಕನ್ನಡದ ಸುದ್ದಿಗಳಲ್ಲಿ ಹೆಚ್ಚಿನವು ‘ಬಣ್ಣಬಣ್ಣದ ಸೂರ್ಯ’ನನ್ನು ಉಳಿಸಿಕೊಂಡು ಉಳಿದದ್ದನ್ನು ಬಿಟ್ಟವು. ಇಲ್ಲಿ ಭಾಷೆಯ ಅಡ್ಡಿ ಇತ್ತು ಎನ್ನಲಾಗದು. ಪ್ರಕಟಣೆ ಹೊರಟದ್ದೇ ಬೆಂಗಳೂರಿನಿಂದ.

ಒಂದು ಸರಿಯಾದ ಅಡಿಬರಹ ಎಷ್ಟು ಉದ್ದವಾಗಬಹುದು ಎಂದು ಬರೆದು ನೋಡಿದೆ. ‘ಶುಕ್ರನ ನೆಲ. 12.6 ಸೆಂ.ಮೀ. ರೇಡಾರ್ ಪ್ರತಿಧ್ವನಿಯಿಂದ ಮಾಡಿದ ನಕ್ಷೆ, ಮೆಗೆಲ್ಲನ್ ನೌಕೆ. ಹೊಳೆಯುವ ಜಾಗ ಹೆಚ್ಚಾಗಿ ಒರಟು ನೆಲ. ಕಿತ್ತಳೆ ಬಣ್ಣ ವೆನೆರಾ ಚಿತ್ರಗಳಿಂದ ಎರವಲು.’ ಪತ್ರಿಕೆಯ ಒಂದು ಕಾಲಮ್ಮಿನ ಅಗಲಕ್ಕೆ ಆರೇಳು ಸಾಲು. ಪರಿಭಾಷೆಯ ಹೊರೆಯೂ ಇಲ್ಲ.

ಶಾಲೆಗಳಿಗೆ ಹೋಗುವ ಸೌರಮಂಡಲದ ಚಾರ್ಟುಗಳು ಈಗಲೂ ಕಡುನೀಲಿ ನೆಪ್ಚೂನನ್ನೇ ಅಚ್ಚುಹಾಕುತ್ತಿವೆ. ಆ ನೀಲಿಯನ್ನು ತೆಗೆದುಹಾಕಿ ಎಂದು ನಾನು ಹೇಳಲಾರೆ. ಮೋಡಗಳೂ ಆ ಕಪ್ಪು ಮಚ್ಚೆಯೂ ಅಲ್ಲಿ ಚೆನ್ನಾಗಿ ಕಾಣುತ್ತವೆ, 1989ರಲ್ಲಿ ಹಾಗೆ ಮಾಡಿದ್ದೇ ಅದಕ್ಕೆ. ಮಗ್ಗುಲಲ್ಲಿ ತೆಳು ಹಸಿರುನೀಲಿಯ ಇನ್ನೊಂದು ನೆಪ್ಚೂನನ್ನೂ ಇಟ್ಟು, ಎರಡರ ಕೆಳಗೂ ಒಂದೊಂದು ಸಾಲು ಬರೆದರೆ ಆಯಿತು.